ಗೌರಕ್ಕನ ಬಾಡಿಗೆ ರಸೀದಿ

"ಆಂಟಿ, ಒಂದು ರೆಂಟ್ ರಸೀದಿ ಬರೆದುಕೊಡ್ತೀರಾ? ಆಫೀಸಿನಲ್ಲಿ ಕೇಳ್ತಿದಾರೆ" ಎನ್ನುತ್ತಾ, ರಸ್ತೆ ಕಡೆಯ ಕೋಣೆಯಲ್ಲಿ ಬಾಡಿಗೆಗಿರುವ ಬ್ಯಾಂಕಿನ ಹುಡುಗಿ ಮೊನ್ನೆ ಬೆಳಿಗ್ಗೆ ಒಂದು ಹಾಳೆಯನ್ನೂ ರೆವಿನ್ಯೂ ಸ್ಟಾಂಪನ್ನೂ ನನ್ನ ಮುಂದಿಟ್ಟಳು. ಸ್ಟಾಂಪಿನ ಬೆನ್ನನ್ನು ನಾಲಿಗೆಗೆ ತಾಗಿಸಿದೆ. ಆ ಅಂಟಿನ ರುಚಿ ಬಾಯಿಗೆ ಬಂದದ್ದೇ ತಡ, ಕೈ ನಿಂತುಬಿಟ್ಟಿತು. "ಹೆಂಗೆ ಬರೆಯೋದು ಅಂತ ನಾನು ಹೇಳಲಾ ಆಂಟಿ?" ಅಂದಳು ಪಾಪ. ನನಗೇ ಹೇಳಿಕೊಡುತ್ತಾಳಂತೆ! ಒಂದು ಕಾಲಕ್ಕೆ ಇಡೀ ನ್ಯಾಮತಿಯಲ್ಲಿ ನನ್ನಷ್ಟು ಚೆಂದವಾಗಿ ಅರ್ಜಿ ಬರೆಯುವವರು ಇರಲಿಲ್ಲ. ಅದೇ ಕುತ್ತಾಯಿತು. ಮಧ್ಯಾಹ್ನ ಕೊಡ್ತೀನಿ ಹೋಗವ್ವ ಎಂದು ಅವಳನ್ನು ಸಾಗಹಾಕಿದೆ.

ನಿಮ್ಮ ಹತ್ತಿರ ಮುಚ್ಚಿಡುವುದೇನು, ನಮ್ಮ ಮನೆಯವರಿಗೂ ಇದನ್ನು ಪೂರ್ತಿ ಹೇಳಿಲ್ಲ.

ಎಂಬತ್ತರ ದಶಕದ ಕೊನೆ, ನಮ್ಮ ಸೈನ್ಯ ಶ್ರೀಲಂಕಾಕ್ಕೆ ಹೋಗಿದ್ದ ಕಾಲ. ನಾನು ಬಿ.ಎ. ಮುಗಿಸಿ, ಅತ್ತ ಕೆಲಸವೂ ಇಲ್ಲ ಇತ್ತ ಮದುವೆಯೂ ಇಲ್ಲ ಎನ್ನುವಂತಿದ್ದೆ. ಅಪ್ಪ ತೀರಿಕೊಂಡಿದ್ದರು. ರಸ್ತೆ ಕಡೆಯ ಕೋಣೆಯ ಬಾಡಿಗೆಯಲ್ಲೇ ನನಗೂ ಅವ್ವನಿಗೂ ತಿಂಗಳ ದಿನಸಿ ಬರಬೇಕು. ಆ ಕೋಣೆಗೆ ಬಂದವಳು ಗೌರಕ್ಕ. ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು. ಗಂಡ ಬಸವರಾಜ ಮಿಲಿಟರಿಯಲ್ಲಿ ಹವಾಲ್ದಾರ. ಅವನನ್ನು ಶ್ರೀಲಂಕಾಕ್ಕೆ ಕಳಿಸಿದಾಗ ಕ್ವಾರ್ಟರ್ಸ್ ಖಾಲಿ ಮಾಡಬೇಕಾಯಿತು, ಹೆಂಡತಿಯನ್ನು ಕರೆದೊಯ್ಯುವಂತಿರಲಿಲ್ಲ. ಹಾಗೆ ಊರಲ್ಲಿ ಉಳಿದ ಹೆಂಡತಿ ಬಾಡಿಗೆ ಮನೆ ಹಿಡಿದರೆ ಸರ್ಕಾರ ಬಾಡಿಗೆ ಭತ್ಯೆ ಕೊಡುತ್ತಿತ್ತು. ಯಾರದೋ ಮನೆಯಲ್ಲಿ ಪುಕ್ಕಟೆ ಇದ್ದರೆ ಇಲ್ಲ. ತಿಂಗಳಿಗೊಂದು ರಸೀದಿ ಕಳಿಸಬೇಕಿತ್ತು. ಬರೆಯುತ್ತಿದ್ದವಳು ನಾನೇ. ಸ್ಟಾಂಪು ನೆಕ್ಕಿ ಅಂಟಿಸಿ, ಅದರ ಮೇಲೆ ಅವ್ವನ ಸಹಿ ಹಾಕಿಸುತ್ತಿದ್ದೆ.

ಗಂಡನ ಮನೆ ಜಗಳೂರಿನಲ್ಲಿತ್ತು. ಸಂಬಳವೆಲ್ಲ ಜಮೀನಿನ ಖರ್ಚಿಗೆಂದು ಅಲ್ಲಿದ್ದ ಅವನ ಅಣ್ಣನಿಗೇ ಹೋಗುತ್ತಿತ್ತು. ಇವಳ ಪಾಲಿಗೆ ಬರುತ್ತಿದ್ದದ್ದು ಬಾಡಿಗೆ ದುಡ್ಡು ಮಾತ್ರ; ಹೊಟ್ಟೆಗೆ ಅವರಿವರ ರವಿಕೆ ಹೊಲಿಯುತ್ತಿದ್ದಳು. "ಅಷ್ಟು ದೊಡ್ಡ ಮನಿ ಬಿಟ್ಟು ಇಲ್ಲಿಗ್ಯಾಕೆ ಬಂದ್ಯವ್ವಾ?" ಎಂದು ಅವ್ವ ಒಮ್ಮೆ ಕೇಳಿಯೇಬಿಟ್ಟಳು.

"ನಮ್ ಭಾವನ ಕಣ್ಣು ಸರಿಯಿಲ್ಲ ಕಣವ್ವ" ಅಂದಳು ಗೌರಕ್ಕ. "ನಾನು ಮಲಗೋ ಕೋಣಿಗೆ ಚಿಲ್ಕ ಇತ್ತು. ಒಂದಿನ ನೋಡ್ತೀನಿ, ಕಿತ್ತು ಹಾಕ್ಯಾರೆ."

"ಗಂಡಂಗೆ ಹೇಳಿಲ್ಲೇನೆ?"

"ಅವ್ರಿಗೆ ಅಣ್ಣ ಅಂದ್ರೆ ದೇವ್ರು. ಹೆಂಗೆ ಹೇಳಾಕಾಗ್ತೈತೆ?"

ನಮ್ಮ ಕೋಣೆಗೆ ಬಂದ ವಾರದಲ್ಲೇ ಅವಳು ಹೊನ್ನಾಳಿಗೆ ಹೋಗಿ ಗೇಣುದ್ದದ ಕಬ್ಬಿಣದ ಚಿಲಕ ತಂದು ಬಾಗಿಲಿಗೆ ಹೊಡೆಸಿದ್ದಳು. ಕೋಟೆ ಬಾಗಿಲು ಬಂತು ನೋಡು ಎಂದು ನಾನು ನಕ್ಕಿದ್ದೆ. ಅವಳೂ ಏನು ಕಡಿಮೆಯಿರಲಿಲ್ಲ. ನನ್ನ ಕೈಯಿಂದ ಹಿಟ್ಟು ಕಸಿದುಕೊಂಡು, "ನೀನು ಬಿ.ಎ. ಓದಿದ್ದೇನೋ ಸರಿ. ಇದೇನೇ ಇದು, ರೊಟ್ಟಿನೋ ಹಪ್ಪಳನೋ?" ಅನ್ನುತ್ತಿದ್ದಳು. ರೇಡಿಯೋದಲ್ಲಿ ವಾರ್ತೆಯ ಹೊತ್ತಿಗೆ ಮಾತ್ರ, ಸತ್ತವರ ಸುದ್ದಿ ಮುಗಿಯುವ ತನಕ ಸೀರೆ ಸೆರಗನ್ನು ಬೆರಳಿಗೆ ಸುತ್ತುತ್ತಾ ಕೂರುತ್ತಿದ್ದಳು.

ಒಂದು ದಿನ ಗೌರಕ್ಕ ಅಂಚೆ ಕಚೇರಿಗೆ ಹೋಗಿದ್ದಾಗ, ಹೊನ್ನಾಳಿಯ ತಾಲ್ಲೂಕು ಕಚೇರಿಯಿಂದ ಒಬ್ಬ ಗುಮಾಸ್ತರು ಕಾಗದ ಹಿಡಿದು ಬಂದರು. ಮಿಲಿಟರಿಯವರು ವಿಚಾರಿಸಿದ್ದಾರೆ, ಈ ಹೆಣ್ಣುಮಗಳು ನಿಮ್ಮಲ್ಲಿ ಬಾಡಿಗೆಗೆ ಇರುವುದು ಹೌದೇ, ಎರಡು ಸಾಲು ಬರೆದುಕೊಡಿ ಎಂದರು. ಅಷ್ಟೇ. ಹೌದು ಎಂದು ಬರೆದಿದ್ದರೆ ಮುಗಿದಿತ್ತು.

ಅವ್ವ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಗಂಡ ಅಲ್ಲಿ ಗುಂಡಿಗೆ ಎದೆ ಕೊಟ್ಟು ನಿಂತಾನೆ, ನಾವಿಲ್ಲಿ ಹೆಂಡ್ತಿ ಹತ್ರ ಬಾಡಿಗಿ ವಸೂಲಿ ಮಾಡ್ತೀವಿ ಅಂತ ಸರ್ಕಾರಕ್ಕೆ ಬರಕೊಡಾದೇನೆ? ಮಾನ ಮರ್ಯಾದೆ ಐತೋ ಇಲ್ಲೋ?" ಅಂದಳು. ನನಗೂ ಸರಿಯೆನ್ನಿಸಿತು. ಕೂತು ಬರೆದೆ ನೋಡಿ: "ದೇಶಕ್ಕಾಗಿ ಸಮುದ್ರ ದಾಟಿದ ವೀರಯೋಧನ ಧರ್ಮಪತ್ನಿಯು ನಮ್ಮ ಮನೆಯ ಮಗಳೇ ಆಗಿದ್ದು, ಇವರಿಂದ ನಾವು ಯಾವುದೇ ಬಾಡಿಗೆ ಪಡೆಯುತ್ತಿರುವುದಿಲ್ಲ." ಗುಮಾಸ್ತರು ಓದಿ, ಅಕ್ಷರ ಮುತ್ತಿನಂತಿದೆ ಎಂದರು. ನಾನು ಉಬ್ಬಿಹೋದೆ. ನಾನೇ ಬರೆದ ರಸೀದಿಗಳೆಲ್ಲ ಸರ್ಕಾರದ ಕಡತದಲ್ಲೇ ಕೂತಿವೆ ಎನ್ನುವುದು ಈ ಬಿ.ಎ. ತಲೆಗೆ ಹೊಳೆಯಲಿಲ್ಲ.

ಭತ್ಯೆ ನಿಂತಿತು. ರಸೀದಿಗಳು ಸುಳ್ಳೆಂದು ಗೌರಕ್ಕನ ಹೆಸರಿಗೇ ಕಾಗದ ಬಂತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ತಪ್ಪಾಗಿ ಬರದ್ವಿ, ಬಾಡಿಗಿ ತಗಂಡಿದ್ದು ಖರೆ ಅಂತ ಇನ್ನೊಂದು ಕಾಗದ ಬರಕೊಡೇ" ಎಂದು ಕೇಳಿದಳು. ಬರೆದುಕೊಡುತ್ತಿದ್ದೆನೇನೋ. ಆದರೆ ಚನ್ನಗಿರಿಯ ನಮ್ಮ ಸೋದರಮಾವ, ಸರ್ಕಾರಕ್ಕೆ ಸುಳ್ಳು ಬರೆದವರ ಮೇಲೆ ಕೇಸಾಗುತ್ತದೆ, ಒಪ್ಪಿಕೊಂಡರೆ ಕೆಟ್ಟಿರಿ ಎಂದು ಹೆದರಿಸಿಬಿಟ್ಟರು. ನಾಳೆ ಬರೀತೀನಿ ಗೌರಕ್ಕ ಎಂದೆ. ಎರಡು ತಿಂಗಳು ಹಾಗೇ ಅಂದೆ. ಸರಿ, ನೀವು ಬರೆದ ಹಾಗೆ ಬಾಡಿಗೆ ತೆಗೆದುಕೊಳ್ಳದೆ ಅವಳನ್ನು ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಿ. ಹೊಟ್ಟೆಪಾಡು ಎಂದು ಅವ್ವ ಹೇಳುತ್ತಿದ್ದಳು, ನಾನೂ ಅದನ್ನೇ ಹೇಳುತ್ತಿದ್ದೆ. ಒಂದು ದಿನ ಅವಳ ಭಾವ ಬಂದು, ಆ ತಿಂಗಳುಗಳ ಬಾಡಿಗೆ ಬಾಕಿ ತೀರಿಸಿ, ಕರೆದುಕೊಂಡು ಹೋದ. ಹೋಗುವಾಗ ಅವಳು ಚಿಲಕ ಮುಟ್ಟಿ ನೋಡಿದಳು. "ಬಿಚ್ಚಿಕೊಡಿಸ್ಲೇನೇ?" ಎಂದೆ. "ಅಲ್ಲಿ ಹಾಕಾಕೆ ಬಿಡಲ್ಲ" ಅಂದಳು.

ಕೋಣೆಯನ್ನು ಗೊಬ್ಬರದಂಗಡಿಯವರಿಗೆ ಕೊಟ್ಟೆವು. ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಗೌರಕ್ಕ ಬಾಗಿಲಲ್ಲಿ ನಿಂತಿದ್ದಳು. ತುಟಿ ಒಡೆದಿತ್ತು. ಕೈಯಲ್ಲಿ ಒಂದೇ ಚೀಲ. ಕೋಣೆ ತುಂಬ ಒಟ್ಟಿದ್ದ ಗೊಬ್ಬರದ ಮೂಟೆಗಳನ್ನು ನೋಡಿದಳು.

"ಮೂಟೆ ಮ್ಯಾಲೆ ಮಲಗ್ತೀನಿ ಬಿಡ್ರವ್ವ. ಚಿಲ್ಕ ಐತಲ್ಲ, ಸಾಕು" ಅಂದಳು.

ಅವ್ವ ಅತ್ತಳು. ನಾನೂ ಅತ್ತೆ. ಹೋಳಿಗೆ ಮಾಡಿ ಬಡಿಸಿದೆವು. ಮಗಳು ತವರಿಂದ ಬರಿಗೈಲಿ ಹೋಗಬಾರದೆಂದು ಅವ್ವ ಹೊಸ ರವಿಕೆ ಕಣ, ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದಳು. ಅಷ್ಟೂ ಮಾಡಿ, ಜಗಳೂರಿಗೆ ಹೋಗಲೆಂದು ಸಂಜೆಯೊಳಗೆ ಹೊನ್ನಾಳಿ ಬಸ್ಸು ಹತ್ತಿಸಿದೆವು. ಹತ್ತಿಸಿದವಳು ನಾನೇ. ಅವಳು ಕಿಟಕಿಯಿಂದ ನನ್ನನ್ನು ನೋಡಲಿಲ್ಲ.

ಅವಳು ಜಗಳೂರಿಗೆ ಹೋಗಲಿಲ್ಲ. ಎಲ್ಲಿ ಹೋದಳೆಂದು ಯಾರಿಗೂ ತಿಳಿಯಲಿಲ್ಲ.

ಬಸವರಾಜ ಶ್ರೀಲಂಕಾದಿಂದ ಬಂದವನು ಟ್ರಂಕಿನ ಸಮೇತ ನಮ್ಮ ಮನೆಗೂ ಬಂದ. ಜಗಳೂರಿನ ಕಡೆಯೆಲ್ಲ ಹುಡುಕಿ, ಪೊಲೀಸರಿಗೆ ಬರೆದುಕೊಟ್ಟು, ಕೊನೆಗೆ ಬಂದಿದ್ದ. ಕೋಣೆ ತೋರಿಸಿ ಎಂದ. ಚಿಲಕದ ಮೇಲೆ ಕೈಯಿಟ್ಟು, "ಇದು ಆಕೆ ಹಾಕಿಸಿದ್ದಾ? ಯಾಕೆ?" ಎಂದು ಕೇಳಿದ. ಅವ್ವ ಕಣ್ಣುಸನ್ನೆ ಮಾಡಿದಳು. ನಾನು ಹೇಳಿಬಿಟ್ಟೆ, ಭಾವನ ವಿಷಯ, ಕಾಗದದ ವಿಷಯ, ಎಲ್ಲ. ಅವನು ಟ್ರಂಕಿನ ಮೇಲೆ ಕೂತ.

"ಮಗಳು ಅನ್ನಾಕೆ ಯಾರು ಹೇಳಿದ್ರು ನಿಮಗೆ?" ಅಂದ. "ಬಾಡಿಗಿಯೋಳು ಅಂತ ಬರಕೊಟ್ಟಿದ್ರೆ ನನ್ನ ಹೆಂಡ್ತಿ ಇರ್ತಿದ್ಲು."

ಕೊಟ್ಟ ನೀರನ್ನೂ ಮುಟ್ಟದೆ ಎದ್ದು ಹೋದ. ಅವ್ವ ಸಾಯುವ ತನಕ, ಬಾಗಿಲ ಸದ್ದಾದರೆ "ಗೌರಿ ಬಂದ್ಲೇನು ನೋಡೇ" ಅನ್ನುತ್ತಿದ್ದಳು. ನಾನು ಎದ್ದು ನೋಡುತ್ತಿದ್ದೆ. ಈಗಲೂ ನೋಡುತ್ತೇನೆ. ಯಾರೂ ಇರುವುದಿಲ್ಲ. ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುವವರು ಒಂದು ದಿನ ನನ್ನ ಮನೆಯಲ್ಲಿ ಇದ್ದು ನೋಡಲಿ.

ಮೊನ್ನೆ ಮಧ್ಯಾಹ್ನ ರಸೀದಿ ಬರೆದೆ. ಅಲಂಕಾರವಿಲ್ಲ, ಎರಡೇ ಸಾಲು, ಸ್ಟಾಂಪು, ಸಹಿ. ಆ ಹಳೆಯ ಚಿಲಕಕ್ಕೆ ಎಣ್ಣೆ ಬಿಟ್ಟು, ಹಾಕಿ ತೆಗೆದು ನೋಡಿ, ಹುಡುಗಿಯ ಕೈಗೆ ಹಾಳೆ ಕೊಟ್ಟೆ. ಅವಳು ಖುಷಿಯಿಂದ, "ನೀವು ನಮ್ಮಮ್ಮ ಇದ್ದಂಗೆ ಆಂಟಿ" ಅಂದಳು.

"ಅಲ್ಲವ್ವ," ಎಂದೆ. "ನಾನು ನಿನ್ನ ಮನೆ ಓನರ್ರು. ನೀನು ನನ್ನ ಬಾಡಿಗೆಯೋಳು. ಯಾರು ಕೇಳಿದರೂ ಹಂಗೇ ಹೇಳು."