ಖಾಲಿ ಎಂದು ಬರೆದ ವ್ಯಾಗನ್

ನಾಯಿ ಕಾಣೆಯಾದದ್ದು ಸೋಮವಾರ. ಅದರ ಒಡೆಯರು ಶುಕ್ರವಾರ ಬರುತ್ತೇನೆಂದು ಕಾರ್ಡು ಬರೆದಿದ್ದರು. ನಡುವಿನ ದಿನಗಳಲ್ಲಿ ಏನಾಯಿತೆಂಬುದನ್ನು ನೆನಪಿರುವಷ್ಟು ಸರಿಯಾಗಿ ಇಲ್ಲಿ ಬರೆಯುತ್ತೇನೆ.

ನಾನು ಆಗ ವಾಡಿ ಜಂಕ್ಷನ್ನಿನ ಯಾರ್ಡಿನಲ್ಲಿ ನಂಬರ್ ಟೇಕರ್ ಆಗಿದ್ದೆ. ಮುಂಬಯಿ ಕಡೆಯ ರೈಲ್ವೆಯೂ ಹೈದರಾಬಾದ್ ಕಡೆಯ ರೈಲ್ವೆಯೂ ಅಲ್ಲಿ ಕೂಡುತ್ತಿದ್ದವು. ಒಬ್ಬರ ವ್ಯಾಗನ್ ಇನ್ನೊಬ್ಬರ ಹಳಿಗೆ ದಾಟುವಾಗ ಅದರ ನಂಬರು, ಹೋಗುವ ಊರು, ತುಂಬಿದೆಯೋ ಖಾಲಿಯೋ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಕಿವಿಯ ಮೇಲೆ ಪೆನ್ಸಿಲ್, ಕೈಯಲ್ಲಿ ಬಿದಿರಿನ ಕೋಲು. ಖಾಲಿ ವ್ಯಾಗನ್ನಿನ ಒಳಗೆ ಇಣುಕಿ ನೋಡಬೇಕೆಂದು ನಿಯಮವಿತ್ತು. ನಾವು ಯಾರೂ ನೋಡುತ್ತಿರಲಿಲ್ಲ. ಕೋಲಿನಿಂದ ಪಕ್ಕಕ್ಕೆ ಒಂದು ಏಟು ಹಾಕಿದರೆ ಸದ್ದೇ ಹೇಳುತ್ತಿತ್ತು. ತುಂಬಿದ್ದರೆ ಮಂದವಾಗಿ, ಖಾಲಿಯಿದ್ದರೆ ಗಂಟೆಯ ಹಾಗೆ. ಖಾಲಿಯೆಂದರೆ ಸೀಮೆಸುಣ್ಣದಿಂದ ಒಂದು ಸೊನ್ನೆ ಬರೆದು ಮುಂದೆ ಹೋಗುತ್ತಿದ್ದೆವು. ಹಿಂದೆ ಬರುವ ಹಮಾಲ ಸೊನ್ನೆ ನೋಡಿ ಬಾಗಿಲು ಎಳೆದು ಕೊಂಡಿ ಹಾಕುತ್ತಿದ್ದ. ಸದ್ದು ಗುರುತಿಸುವುದರಲ್ಲಿ ನಾನು ಎಂದೂ ತಪ್ಪಿದವನಲ್ಲ ಎಂಬ ಹೆಮ್ಮೆ ನನಗಿತ್ತು.

ನಾಯಿ ನನ್ನದಲ್ಲ. ಪಕ್ಕದ ಮನೆಯ ದರ್ಜಿ ಚಾಚಾರದು. ರೈಲ್ವೆಯವರ ಖಾಕಿ ಕೋಟುಗಳನ್ನೆಲ್ಲ ಅವರೇ ಹೊಲಿಯುತ್ತಿದ್ದರು. ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಗೆ ಮೊದಲಿನ ತಿಂಗಳುಗಳಲ್ಲಿ ಒಂದು ಬಗೆಯ ಭಯ, ಅದಾದ ಮೇಲಿನ ವಾರಗಳಲ್ಲಿ ಇನ್ನೊಂದು ಬಗೆಯ ಭಯ. ಎರಡನ್ನೂ ಕಂಡೆ. ಕಂಡದ್ದನ್ನೆಲ್ಲ ಬರೆಯುವ ಶಕ್ತಿ ನನಗಿಲ್ಲ. ಆ ವಾರಗಳ ನನ್ನ ನೋಟ್‌ಬುಕ್ಕಿನಲ್ಲಿ ಅಂಕಿಗಳು ಗೆರೆ ಬಿಟ್ಟು ಕೆಳಗಿಳಿದಿದ್ದವು, ಅಷ್ಟು ಹೇಳಬಲ್ಲೆ. ಒಂದು ಮುಂಜಾನೆ ಚಾಚಾ ಹೊಲಿಗೆ ಯಂತ್ರವನ್ನು ಗೋಣಿಯಲ್ಲಿ ಸುತ್ತಿ, ಹೈದರಾಬಾದಿನಲ್ಲಿದ್ದ ಮಗಳ ಮನೆಗೆ ಹೊರಟು ನಿಂತರು. ನಡುವಿನ ಗೋಡೆಯ ಮೇಲಿಂದ ನಾಯಿಯನ್ನು ಎತ್ತಿ ನನ್ನ ಕೈಗೆ ಕೊಟ್ಟರು.

“ಎರಡು ತಿಂಗಳು ನೋಡ್ಕೋ ಬೇಟಾ. ಆಮ್ಯಾಲ ಬಂದು, ನಿನ್ನ ಕಡೆ ನಂಬಿ ಇಟ್ಟ ನನ್ನ ಅಮಾನತ್ ಒಯ್ತೀನಿ.”

ಎರಡು ತಿಂಗಳು ಹೋಗಿ ಎರಡನೇ ಬೇಸಿಗೆ ಬಂತು. ಕಂದು ಬಣ್ಣದ ಆ ನಾಯಿ ನಮ್ಮಲ್ಲಿ ಚೆನ್ನಾಗಿಯೇ ಇತ್ತು. ಚಾಚಾ ದಿನದ ಕೊನೆಯ ಬಟ್ಟೆ ಕತ್ತರಿಸಿ ಮುಗಿಸಿದ ಮೇಲೆ ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿ ಅದಕ್ಕೆ ರೊಟ್ಟಿ ಹಾಕುತ್ತಿದ್ದರು. ಅವರನ್ನು ಮರೆಯಬಾರದೆಂದು ನನ್ನ ಹೆಂಡತಿಯೂ ದಿನಾ ಸಂಜೆ ಮನೆಯ ಕತ್ತರಿ ಆಡಿಸಿಯೇ ರೊಟ್ಟಿ ಹಾಕುತ್ತಿದ್ದಳು. ಸೋಮವಾರ ಸಂಜೆ ಅವಳು ಹತ್ತು ಸಲ ಕತ್ತರಿ ಆಡಿಸಿದಳು. ನಾಯಿ ಬರಲಿಲ್ಲ.

ಮಂಗಳವಾರ ಕ್ವಾರ್ಟರ್ಸುಗಳ ಹಿಂದೆ, ಎಂಜಿನ್ ಷೆಡ್ಡಿನ ಹತ್ತಿರ, ಚಹಾದ ಅಂಗಡಿಗಳಲ್ಲಿ ವಿಚಾರಿಸಿದೆ. ಹಳಿಗಳ ಉದ್ದಕ್ಕೂ ನಡೆದು ನೋಡಿದೆ, ನೋಡಲು ಹೆದರಿಕೊಂಡೇ ನೋಡಿದೆ. ಏನೂ ಸಿಗಲಿಲ್ಲ. ಮನೆಗೆ ಬಂದಾಗ ಹೆಂಡತಿ ಕೇಳಿದಳು, “ಏನ್ರಿ, ರಾವೂರ ವಾಚಮನ್ ಹ್ವಾದ ವಾರ ‘ಇಂಥ ನಾಯಿ ನನಗೊಂದು ಬೇಕು’ ಅಂದಿದ್ದಿಲ್ಲೇನು?”

ಅಂದದ್ದು ನಿಜ. ರಾವೂರಿನ ಕಲ್ಲುಗಣಿಯೊಂದರ ಕಾವಲುಗಾರ ಅವನು. ಸಂತೆಗೆಂದು ವಾಡಿಗೆ ಬಂದವನು ನಾಯಿಯ ಬೆನ್ನು ಸವರಿ ಹೋಗಿದ್ದ. ಅಷ್ಟೇ ಸಾಕಾಯಿತು ನಮಗೆ. ರಾತ್ರಿಯೊಳಗೆ ಅವನು ನಮ್ಮಿಬ್ಬರ ಮನಸ್ಸಿನಲ್ಲಿ ಪೂರ್ತಿ ಕಳ್ಳನಾಗಿದ್ದ.

ಬುಧವಾರ ಪಾಳಿ ಮುಗಿಸಿ ರಾವೂರಿಗೆ ನಡೆದೆ. ಅವನು ಗಣಿಯ ದಂಡೆಯಲ್ಲಿ, ಹಾಸುಗಲ್ಲು ತುಂಬಿದ ಬಂಡಿಯ ನೆರಳಿನಲ್ಲಿ ಕುಳಿತಿದ್ದ. ಅವನ ಕಾಲ ಬಳಿ ಮೂರು ನಾಯಿಗಳು ಮಲಗಿದ್ದವು. ನಾನು ಮೂರನ್ನೂ ನೋಡಿದ್ದನ್ನು ಅವನು ನೋಡಿದ.

“ಬರ್ರಿ ಬಾಬು, ಕುಂದ್ರಿ. ಏನು, ನಮ್ಮ ನಾಯಿಗೂ ನಂಬರ್ ಬರೀಲಿಕತ್ತೀರೇನು?”

ಹೇಗೆ ಕೇಳುವುದೆಂದು ತಿಳಿಯದೆ, ನಮ್ಮ ನಾಯಿ ಈ ಕಡೆ ಬಂದಿತ್ತೇನು ಎಂದೆ. 

“ಬಂದಿತ್ತೇನು ಅಂತ ಕೇಳ್ತೀರೋ, ತಂದಿಯೇನು ಅಂತ ಕೇಳ್ತೀರೋ? ಖರೇ ಹೇಳ್ರಿ.”

“ತಂದಿಯೇನು ಅಂತ,” ಎಂದೆ. ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

ಬೈಯುತ್ತಾನೆಂದುಕೊಂಡಿದ್ದೆ. ಅವನು ಎದ್ದು ಹೋಗಿ ಗಡಿಗೆಯಿಂದ ಮಜ್ಜಿಗೆ ತಂದು ಮುಂದಿಟ್ಟ. “ಕುಡೀರಿ. ಬಿಸಲಾಗ ತೆಲಿ ಕೆಟ್ಟದ ನಿಮ್ಮದು. ಕದಿಯೋನು ಮದಲ ಕೇಳ್ತಾನೇನ್ರಿ, ನನಗ ಬೇಕು ಅಂತ?” ಆಮೇಲೆ ಬಂಡಿಯ ನೆರಳಿನ ನಾಯಿಗಳನ್ನು ತೋರಿಸಿದ. “ಇವು ನೋಡ್ರಿ, ಮಧ್ಯಾಹ್ನಾದ್ರ ನೆಳ್ಳು ಬಿಟ್ಟು ಎಲ್ಲೂ ಹೋಗಂಗಿಲ್ಲ. ನಿಮ್ಮ ಯಾರ್ಡಿನಾಗ ಗಿಡ ಇಲ್ಲ, ಬಂಡಿ ಇಲ್ಲ. ನೆಳ್ಳು ಎಲ್ಲದ ಹೇಳ್ರಿ? ಅಲ್ಲಿ ಹೋಗಿ ಹುಡುಕ್ರಿ.”

ಮಜ್ಜಿಗೆ ಅರ್ಧ ಕುಡಿದಿದ್ದೆ. ಯಾರ್ಡಿನಲ್ಲಿ ನೆರಳಿದ್ದದ್ದು ಒಂದೇ ಕಡೆ, ಬಾಗಿಲು ತೆರೆದು ನಿಂತ ಖಾಲಿ ವ್ಯಾಗನ್ನುಗಳ ಒಳಗೆ.

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಸೋಮವಾರ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಚಾವಣಿಯಿದ್ದ ವ್ಯಾಗನ್ನುಗಳ ಒಂದು ಸಾಲು ಶಹಾಬಾದಿನ ಸುಣ್ಣದ ಭಟ್ಟಿಗಳ ಪಕ್ಕದ ಸೈಡಿಂಗ್ ಹಳಿಗೆ ಹೋಗಿತ್ತು. ಹನ್ನೊಂದು ವ್ಯಾಗನ್. ಹನ್ನೊಂದರ ಮುಂದೆಯೂ ನನ್ನದೇ ಅಕ್ಷರದಲ್ಲಿ ‘ಖಾಲಿ’. ಹನ್ನೊಂದು ಸಲ ಕೋಲಿನಿಂದ ಬಡಿದಿದ್ದೆ, ಹನ್ನೊಂದು ಸಲವೂ ಗಂಟೆಯ ಸದ್ದು ಬಂದಿತ್ತು. ಮೂಲೆಯಲ್ಲಿ ಮಲಗಿದ ನಾಯಿಯಿಂದ ಆ ಸದ್ದು ಬದಲಾಗುವುದಿಲ್ಲ.

ಹೆಂಡತಿಗೆ ಹೇಳಿದೆ. ಅವಳು ನೋಟ್‌ಬುಕ್ಕನ್ನು ನೋಡಿದಳು, ನನ್ನ ಕೈಯನ್ನು ನೋಡಿದಳು. ಗೂಟಕ್ಕೆ ತೂಗಿದ್ದ ಕತ್ತರಿ ತೆಗೆದು ನನ್ನ ಚೀಲಕ್ಕೆ ಹಾಕಿ, “ನಾಳಿ ಮದಲ ಗಾಡಿಗೇ ಹೋಗ್ರಿ,” ಎಂದಳು.

ಗುರುವಾರ ಬೆಳಿಗ್ಗೆ ಶಹಾಬಾದಿನಲ್ಲಿ ಇಳಿದು ಭಟ್ಟಿಗಳ ಕಡೆ ಹೋದೆ. ಸುಣ್ಣ ತುಂಬಿಸುವ ಮೇಸ್ತ್ರಿಗೆ ನಂಬರುಗಳನ್ನು ಓದಿ ಹೇಳಿದೆ. ಏಳನೆಯ ನಂಬರು ಹೇಳಿದಾಗ ಅವನು ನಕ್ಕ.

“ಅದೇ ಡಬ್ಬಿ ಸಾಹೇಬ್ರ! ಮಂಗಳವಾರ ಮುಂಜಾನಿ ಏಳಕ್ಕ ಬಾಗಲಾ ತಗದ್ವಿ, ಒಳಗಿಂದ ಹುಲಿ ಹಾರಿಧಾಂಗ ಹಾರ್ತು. ನಮ್ಮ ಮಂದಿ ಬುಟ್ಟಿ ಒಗದು ಓಡಿದರು. ಖಾಲಿ ಅಂತ ಬರದಾನಲ್ಲ, ಆ ಪುಣ್ಯಾತ್ಮನ ಮಾರಿ ಒಮ್ಮೆ ನೋಡಬೇಕಂತೀನಿ.”

“ನೋಡ್ರಿ,” ಎಂದೆ.

ಅವನ ನಗು ನಿಂತಿತು. ಕರೆದುಕೊಂಡು ಹೋಗಿ ಇನ್ನೂ ಅಲ್ಲೇ ನಿಂತಿದ್ದ ಆ ವ್ಯಾಗನ್ ತೋರಿಸಿದ. ಬಾಗಿಲಿನ ಒಳಮೈಯಲ್ಲಿ, ನನ್ನ ಮೊಳಕಾಲಿನ ಎತ್ತರದಲ್ಲಿ, ಬಣ್ಣ ಕೆರೆದುಹೋದ ಗೀರುಗಳಿದ್ದವು. ಕೆಳಗಿನವು ಕಂದಿದ ಕೆಂಪು. ಎರಡು ಗಂಟೆಯಿಂದ ಮರುದಿನ ಏಳರವರೆಗೆ ಎಂದರೆ ಹದಿನೇಳು ಗಂಟೆ. ಅದರಲ್ಲಿ ಮೊದಲ ನಾಲ್ಕು ಗಂಟೆ ಏಪ್ರಿಲ್ ಬಿಸಿಲಿನವು. ಹೊರಮೈಯಲ್ಲಿ ನಾನು ಬರೆದ ಸೊನ್ನೆ ಅಳಿಸದೆ ಇತ್ತು. 

ನಾಯಿ ಎಲ್ಲಿ ಹೋಯಿತೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗುಡಿಸಲುಗಳ ಸಾಲಿನಲ್ಲಿ ಕತ್ತರಿ ಆಡಿಸುತ್ತ ನಡೆದೆ. ಹೆಂಗಸರು ಬಾಗಿಲಿಗೆ ಬಂದರು. ಒಬ್ಬಳು, “ಯಪ್ಪಾ, ಯಾರ ಜಡಿ ಕತ್ತರಸಾಕ ಹೊಂಟಿ?” ಎಂದು ಕೇಳಿದಳು. ಅವರೆಲ್ಲ ನಕ್ಕದ್ದರಿಂದ ನನಗೆ ಹೇಗೋ ಧೈರ್ಯ ಬಂತು. ಕೊನೆಯ ಗುಡಿಸಲಿನ ಮುಂದೆ ಒಬ್ಬ ಮುದುಕಿ ಕುಳಿತಿದ್ದಳು. ಅವಳ ಪಕ್ಕದಲ್ಲಿ ಒಂದು ಬಿಳಿ ನಾಯಿ. ನಾನು ಹುಡುಕುತ್ತಿದ್ದದ್ದು ಕಂದು ನಾಯಿ. ದಾಟಿ ಹೋದೆ. ಕತ್ತರಿ ಆಡುತ್ತಲೇ ಇತ್ತು. ಹಿಂದಿನಿಂದ ಯಾರೋ ನನ್ನ ಧೋತರ ಹಿಡಿದೆಳೆದಂತಾಯಿತು. ತಿರುಗಿದರೆ ಬಿಳಿ ನಾಯಿ ತೆವಳಿ ಬಂದು ನನ್ನ ಧೋತರದ ಅಂಚನ್ನು ಬಾಯಲ್ಲಿ ಹಿಡಿದು ಬಾಲ ಆಡಿಸುತ್ತಿತ್ತು. ಬೆನ್ನಿನ ಮೇಲೆ ಕೈಯಾಡಿಸಿದೆ. ಸುಣ್ಣದ ಧೂಳು ಹಾರಿ ಕಂದು ಕೂದಲು ಕಂಡಿತು.

“ನಿಂದೇನು?” ಎಂದಳು ಮುದುಕಿ. “ಒಂದು ಕೊಡ ನೀರು ಕುಡೀತು ನೋಡು, ಉಸರ ತಗೊಳ್ಳಲಾರದ. ಕಾಲಿಗಿ ಎಣ್ಣಿ ಹಚ್ಚೀನಿ. ಎಲ್ಲ್ಯರ ಕೂಡಿ ಹಾಕ್ಯಾರೇನು ಯಾರರ?”

“ನಾನೇ, ಯವ್ವಾ. ನೋಡದ ಕೂಡಿ ಹಾಕೀನಿ.”

ಅವಳು ನಾಯಿಯ ಕಾಲು ತೋರಿಸಿದಳು. “ಹಂಗಾದ್ರ ಎತಿಗೊಂಡು ಹೋಗು. ನಡಸಬ್ಯಾಡ. ಅದಕ್ಕ ನಡೀಲಿಕ್ಕಾಗಂಗಿಲ್ಲ.”

ಎತ್ತಿಕೊಂಡೇ ಸ್ಟೇಷನ್ನಿಗೆ ಬಂದೆ. ಅಂಗಿ ಪೂರ್ತಿ ಬಿಳಿಯಾಯಿತು.

ಶುಕ್ರವಾರ ಮಧ್ಯಾಹ್ನ ಹೈದರಾಬಾದ್ ಕಡೆಯಿಂದ ಬಂದ ಪ್ಯಾಸೆಂಜರಿನಲ್ಲಿ ಚಾಚಾ ಇಳಿದರು. ಗಡ್ಡ ಬೆಳ್ಳಗಾಗಿತ್ತು. ಮನೆಗೆ ಹೋಗುವ ದಾರಿಯಲ್ಲೇ ಎಲ್ಲವನ್ನೂ ಹೇಳಿದೆ, ಆ ಹದಿನೇಳು ಗಂಟೆಗಳನ್ನೂ ಸೇರಿಸಿ. ಅವರು ನಡೆಯುತ್ತಲೇ ಕೇಳಿಸಿಕೊಂಡರು. ನಾಯಿ ಕಟ್ಟೆಯ ಮೇಲೆ ಮಲಗಿತ್ತು. ಚಾಚಾರನ್ನು ಕಂಡದ್ದೇ ಎದ್ದು ಬರಲು ನೋಡಿ, ಪಾದ ಊರಲಾಗದೆ ಕುಸಿಯಿತು. ಹೊಟ್ಟೆಯ ಮೇಲೆ ತೆವಳುತ್ತ ಕುಂಯ್ ಕುಂಯ್ ಎಂದು ಅವರತ್ತ ಬಂತು. ಚಾಚಾ ಕೆಳಗೆ ಕುಳಿತು ಅದರ ಒಂದೊಂದೇ ಪಾದ ಎತ್ತಿ ನೋಡಿದರು.

“ನಿನ್ನ ಜಾಗಾದಾಗ ನಾ ಇದ್ದಿದ್ರ,” ಎಂದರು, “ನಾಯಿ ಓಡಿ ಹೋತು ಅಂತ ಹೇಳ್ತಿದ್ದೆ. ನೀ ಯಾಕ ಹೇಳಿಲ್ಲ?”

“ಪಾದ ನೋಡೇ ನೋಡ್ತೀರಿ ಅಂತ, ಚಾಚಾ.”

ಅವರಿಗೆ ನಗು ಬಂತು. ನನಗೂ ಬಂತು. ಒಳಗಿದ್ದ ನನ್ನ ಹೆಂಡತಿ ಆ ನಗು ಕೇಳಿ ಆಮೇಲೆಯೇ ಚಹಾ ಹಿಡಿದು ಹೊರಗೆ ಬಂದಳು.

“ಬೇಟಿ, ಸೂಜಿ ದಾರ ಅದ ಏನು? ಒಂದು ತುಂಡು ಖಾಕಿ?”

ಅವಳು ನನ್ನ ಹಳೆಯ ಪ್ಯಾಂಟು ತಂದುಕೊಟ್ಟಳು. ಚಾಚಾ ಜೇಬಿನಿಂದ ಅಳತೆಪಟ್ಟಿ ತೆಗೆದು ನಾಯಿಯ ನಾಲ್ಕೂ ಪಾದಗಳ ಅಳತೆ ತೆಗೆದುಕೊಂಡರು. ಸ್ಟೇಷನ್ ಮಾಸ್ತರರ ಕೋಟಿಗೆ ತೆಗೆದುಕೊಳ್ಳುತ್ತಿದ್ದಷ್ಟೇ ಶ್ರದ್ಧೆಯಿಂದ. ಸಂಜೆಯೊಳಗೆ ನಾಲ್ಕು ಚೀಲಗಳು ತಯಾರಾದವು, ಪ್ರತಿಯೊಂದಕ್ಕೂ ಕಟ್ಟಲು ದಾರ.

“ಇವು ಗುಣ ಆಗಬೇಕಂದ್ರ ಒಂದು ತಿಂಗಳರ ಬೇಕು,” ಎಂದರು ಕೊನೆಯ ಗಂಟು ಹಾಕುತ್ತ. “ಅಷ್ಟು ದಿನ ಇದನ್ನ ಗಾಡಿಯಾಗ ಒಯ್ಯಾಕ ಬರಂಗಿಲ್ಲ. ನನ್ನ ಮನಿ ಕೀಲಿ ಯಾರ ಕಡೆ ಅದ, ಬೇಟಾ?”

ಕೀಲಿ ನಮ್ಮ ಮನೆಯಲ್ಲೇ ಇತ್ತು. ತರಲು ಒಳಗೆ ಹೋಗಿ ಬರುವಷ್ಟರಲ್ಲಿ ನಾಯಿ ಒಂದು ಚೀಲವನ್ನು ಹರಿದು ಹಾಕಿತ್ತು. ಚಾಚಾ ಅದನ್ನು ಬೈಯುತ್ತ ಮತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು.