ಒಂದೇ ಹೆಸರಿನ ಇಬ್ಬರು

ನನ್ನ ತಂಗಿ ಜನರನ್ನು ನೋಡುವ ರೀತಿ ಯಾರಿಗೂ ಹಿಡಿಸುವುದಿಲ್ಲ. ಮೊದಲು ಎದುರಿಗೆ ನಿಂತವರ ಮುಖ ನೋಡುತ್ತಾಳೆ. ಆಮೇಲೆ ಅವರ ಪಕ್ಕದ ಖಾಲಿ ಜಾಗ ನೋಡುತ್ತಾಳೆ, ಅಲ್ಲಿ ಇನ್ನೊಬ್ಬ ನಿಂತಿದ್ದಾನೇನೋ ಎನ್ನುವ ಹಾಗೆ. "ಹಂಗೆ ನೋಡ್ಬೇಡ್ವೇ, ಮೈ ಜುಂ ಅನ್ನುತ್ತೆ" ಎಂದು ಅಮ್ಮ ಎಷ್ಟು ಸಲ ಬೈದಿದ್ದಾಳೋ. ಅದು ಕೆಲಸದಿಂದ ಅಂಟಿಕೊಂಡ ಚಾಳಿ.

ಅವಳಿರುವುದು ವಿಶ್ವವಿದ್ಯಾಲಯಗಳಿಗೆ ಒಂದು, ಎರಡು, ಮೂರು ಎಂದು ಸ್ಥಾನ ಕೊಡುವ ಕಚೇರಿಯಲ್ಲಿ. ಅದೂ ಅರ್ಥಶಾಸ್ತ್ರ, ಹಣಕಾಸು ಇವೆರಡರ ಸಂಶೋಧನೆಗೆ ಮಾತ್ರ. ನಾನು ಕಬ್ಬಿಣದ ಗೇಟು ವೆಲ್ಡಿಂಗ್ ಮಾಡುವವನು, ಶಾಲೆಗೆ ಬೇಗನೆ ಕೈಮುಗಿದವನು. ಅವಳು ನನಗೆ ತಿಳಿಸಿದ್ದು ಇಷ್ಟು: ಒಬ್ಬ ಪ್ರೊಫೆಸರ್ ಬಡ್ಡಿಯ ಬಗ್ಗೆಯೋ ಬೆಲೆಯೇರಿಕೆಯ ಬಗ್ಗೆಯೋ ಪ್ರಬಂಧ ಬರೆಯುತ್ತಾನೆ. ಮುಂದೆ ಬರೆಯುವವರು ತಮ್ಮ ಪ್ರಬಂಧಗಳಲ್ಲಿ ಅವನ ಹೆಸರನ್ನು ನೆನೆದಷ್ಟೂ ಅವನ ವಿಶ್ವವಿದ್ಯಾಲಯ ಮೇಲೇರುತ್ತದೆ.

"ಅಂದ್ರೆ ಊರ ಬಾಯಲ್ಲಿ ಇರೋರಿಗೆಲ್ಲ ನಂಬರು. ನನ್ನ ಬೈಯೋ ಗಿರಾಕಿಗಳನ್ನ ಲೆಕ್ಕ ಹಿಡಿದ್ರೆ ನಾನೇ ಮೊದಲ್ನೇವನು!" ಎಂದೆ.

"ಬೈಗುಳಾನೂ ಲೆಕ್ಕಕ್ಕೆ ಬರುತ್ತೆ ಚಿಕ್ಕಣ್ಣ" ಎಂದಳು. ಎರಡನೆಯವನಾದ್ದರಿಂದ ನಾನು ಅವಳಿಗೆ ಚಿಕ್ಕಣ್ಣ. ಅವಳು ನಗಲಿಲ್ಲ.

ತೊಡಕೆಂದರೆ, ಲೋಕದಲ್ಲಿ ಒಂದೇ ಹೆಸರಿನವರು ಬೇಕಾದಷ್ಟು ಮಂದಿ. ಎರಡು ಪ್ರಬಂಧಗಳ ಮೇಲೆ ಒಂದೇ ಹೆಸರಿದ್ದರೆ ಬರೆದವನು ಒಬ್ಬನೋ ಇಬ್ಬರೋ ಎಂದು ತೀರ್ಮಾನಿಸುವುದು ಅವಳ ಕೆಲಸ. ಹೊಸದರಲ್ಲಿ ಒಮ್ಮೆ ಅಂಥ ಇಬ್ಬರನ್ನು ಒಂದು ಮಾಡಿಬಿಟ್ಟಳು. ಒಬ್ಬರು ಸತ್ತುಹೋಗಿದ್ದರು, ಇನ್ನೊಬ್ಬರು ಬದುಕಿದ್ದರು. ಬದುಕಿದ್ದವರ ಪ್ರಬಂಧಗಳೂ ಸತ್ತವರ ಲೆಕ್ಕಕ್ಕೆ ಸೇರಿ, ಸತ್ತವರ ವಿಶ್ವವಿದ್ಯಾಲಯ ದಿಢೀರನೆ ಮೇಲೆ ಹೋಯಿತು. ಬದುಕಿದ್ದವರು ಒಂದು ಬೆಳಿಗ್ಗೆ ಬಂದು ಅವಳ ಮೇಜಿನ ಮುಂದೆ ನಿಂತರಂತೆ. ಕೂಗಾಡಲಿಲ್ಲ. "ನಾನಿನ್ನೂ ಇದ್ದೀನಮ್ಮ, ಒಂದ್ಸಲ ನೋಡಿ" ಎಂದರಂತೆ, ಅಷ್ಟೇ. ಆವತ್ತಿನಿಂದ ಅವಳದು ಒಂದೇ ಹಟ: ಅನುಮಾನವಿದ್ದರೆ ಸೇರಿಸಬಾರದು, ಇಬ್ಬರನ್ನೂ ಬೇರೆಬೇರೆಯಾಗಿಯೇ ಇಡಬೇಕು.

ಇಂಥವಳಿರುವ ಮನೆಗೆ ದೊಡ್ಡಣ್ಣ ವಾಪಸು ಬಂದ.

ಅಪ್ಪನ ಮೇಲೆ ಮುನಿಸಿಕೊಂಡು ಮನೆ ಬಿಟ್ಟು ಹೋದಾಗ ಅವನಿಗೆ ಮೀಸೆ ಆಗತಾನೇ ಚಿಗುರಿತ್ತು, ತಂಗಿ ಇನ್ನೂ ಕಾಗುಣಿತ ಕಲಿಯುತ್ತಿದ್ದಳು. ಈಗ ಬಾಗಿಲಲ್ಲಿ ನಿಂತವನಿಗೆ ಬಕ್ಕತಲೆ, ಮುಖದ ತುಂಬ ಗಡ್ಡ. ಮೂಗು ಅಣ್ಣನದಿರಬಹುದು, ಇಲ್ಲದಿರಬಹುದು. ಆದರೆ ಹಿಂದಿನ ಕೋಣೆಯ ಕಿಟಕಿಯನ್ನು ಅವನು ಮೊದಲ ದಿನವೇ ತೆಗೆದ. ಅದರ ಚಿಲಕವನ್ನು ಎತ್ತಿ, ಒಳಗೆ ಒತ್ತಿ, ಆಮೇಲೆ ಎಳೆಯಬೇಕು. ಅದು ಅಣ್ಣನದೇ ಕೈಚಳಕ.

ಅಪ್ಪ ತೀರಿಕೊಂಡ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಅಮ್ಮ ಎದ್ದು ಅಡುಗೆಮನೆಗೆ ಬಂದಳು. ಎರಡು ಹೊತ್ತು ಉಂಡಳು. ನಾನು ಇನ್ನೇನು ಕೇಳಲಿ?

ಆದರೂ ಒಂದು ದಿನ ಬಾಯಿ ಸುಮ್ಮನಿರಲಿಲ್ಲ. "ಅಪ್ಪನ ಸೈಕಲ್ ನೆನಪಿದ್ಯಾ?" ಎಂದೆ.

"ಹೂಂ... ಸೈಕಲ್" ಎಂದ. ನಾನು ಆಡಿದ ಮಾತನ್ನೇ ನನ್ನ ಕೈಗೆ ವಾಪಸು ಇಟ್ಟ ಹಾಗೆ.

ಮರುದಿನ ತಂಗಿ ನನ್ನ ಅಂಗಡಿಗೆ ಬಂದಳು. ಅದುವರೆಗೆ ಅವಳು ಅಲ್ಲಿಗೆ ಬಂದದ್ದೇ ಇರಲಿಲ್ಲ, ಕಿಡಿ ಕಂಡರೆ ಆಗದು.

"ಚಿಕ್ಕಣ್ಣ, ಅವನು ಯಾರನ್ನ ನೆನೆಸ್ಕೋತಾನೆ ಗಮನಿಸಿದ್ಯಾ?"

"ಯಾರನ್ನ?"

"ಪ್ರಬಂಧ ಬರೆಯೋರು ಊರು ಬದಲಾಯಿಸ್ತಾರೆ, ವಿಷಯ ಬದಲಾಯಿಸ್ತಾರೆ. ಯಾರನ್ನ ನೆನೆಸ್ಕೋತಾರೆ ಅನ್ನೋದು ಮಾತ್ರ ಬದಲಾಗಲ್ಲ. ಒಂದೇ ಹೆಸರಿನ ಇಬ್ಬರನ್ನ ನಾನು ಗುರುತು ಹಿಡಿಯೋದೇ ಹಂಗೆ. ಇವನು ಅಪ್ಪನ್ನ ತಾನಾಗಿ ಒಂದ್ಸಲಾನೂ ನೆನೆಸ್ಕೊಂಡಿಲ್ಲ. ನಿನ್ನನ್ನೂ ಇಲ್ಲ, ನನ್ನನ್ನೂ ಇಲ್ಲ. ಯಾವಾಗ್ಲೂ ಒಬ್ಬನೇ. 'ನನ್ನ ರೂಮಲ್ಲಿ ಇದ್ದೋನೊಬ್ಬ...' ಅಂತಾನಲ್ಲ, ಅವನು."

ಸರಿಯೇ. ಅವನ ಕಥೆಗಳಲ್ಲಿ ಆ ರೂಮಿನವನು ಏಣಿ ಕಂಡರೆ ನಡುಗುತ್ತಿದ್ದನಂತೆ. ಏನೇ ಕೊಟ್ಟರೂ ಆರಿ ತಣ್ಣಗಾದ ಮೇಲೇ ತಿನ್ನುತ್ತಿದ್ದನಂತೆ. ನಿದ್ದೆಯಲ್ಲಿ ಸಿಳ್ಳೆ ಹೊಡೆಯುತ್ತಿದ್ದನಂತೆ.

ನನ್ನ ಕೈಯಲ್ಲಿದ್ದ ವೆಲ್ಡಿಂಗ್ ಕಡ್ಡಿ ಗೇಟಿಗೆ ಅಂಟಿಕೊಂಡುಬಿಟ್ಟಿತು. ಒಂದೇ ಕೋಣೆಯಲ್ಲಿ ಮಲಗಿ, ನಿದ್ದೆಯಲ್ಲಿ ಹೊಡೆಯುವ ಆ ಸಿಳ್ಳೆ ಕೇಳಿ ಕೇಳಿ ಬೆಳೆದವನು ನಾನು.

"ಇವನು ಯಾರನ್ನ ನೆನೆಸ್ಕೋತಾನೋ ಅವನೇ ನಮ್ಮ ದೊಡ್ಡಣ್ಣ" ಎಂದಳು ತಂಗಿ. "ಕಿಟಕಿ ತೆಗೆಯೋದನ್ನೂ ಅವನೇ ಇವನಿಗೆ ಹೇಳಿರ್ಬೇಕು. ಬರೀ 'ಇದ್ದ, ಇದ್ದ' ಅಂತಾನೆ. 'ಇದ್ದಾನೆ' ಅಂತ ಒಂದ್ಸಲಾನೂ ಅಂದಿಲ್ಲ."

"ಇವತ್ತೇ ಕುತ್ತಿಗೆ ಪಟ್ಟಿ ಹಿಡಿದು ಆಚೆ ದಬ್ತೀನಿ! ನಮ್ಮನೇಲೇ ತಿಂದು..."

"ದಬ್ಬು. ಆಮೇಲೆ ಅಮ್ಮನ ಹತ್ರ ನೀನೇ ಹೋಗಿ ಹೇಳು, ನಿನ್ನ ಮಗ ಸತ್ತ, ಬಂದೋನ್ನೂ ಓಡಿಸಿದೆ ಅಂತ. ಅವಳು ಮತ್ತೆ ಗೋಡೆ ಕಡೆ ತಿರುಗಿ ಮಲಗಿದ್ರೆ ಎಬ್ಬಿಸೋರು ಯಾರು?"

ಅಂಟಿದ ಕಡ್ಡಿಯನ್ನು ಕಿತ್ತು ಪಕ್ಕಕ್ಕಿಟ್ಟೆ. "ಹಂಗಾದ್ರೆ ಏನ್ಮಾಡೋಣ ಅಂತೀಯಾ?"

"ನಂಗೆ ಗೊತ್ತಿರೋದು ಒಂದೇ ಕೆಲಸ" ಎಂದು ಹೊರಟುಹೋದಳು.

ಭಾನುವಾರ ಮಧ್ಯಾಹ್ನ ಊಟಕ್ಕೆ ತಟ್ಟೆ ಇಟ್ಟವಳು ಅವಳೇ. ಊಟದ ಮೇಜಿನ ಒಂದು ಬದಿಗೆ ನಮ್ಮ ಕುರ್ಚಿಗಳು, ಇನ್ನೊಂದು ಬದಿಗೆ ಉದ್ದದ ಬೆಂಚು. ಬೆಂಚಿನ ಒಂದು ತುದಿ ಗೋಡೆಗೆ ತಾಗಿತ್ತು, ಅವನು ಅಲ್ಲೇ ಕೂತಿದ್ದ. ತಂಗಿ ಅವನ ಮುಂದೆ ಒಂದು ತಟ್ಟೆ ಇಟ್ಟಳು. ಅದರ ಪಕ್ಕದಲ್ಲೇ ಇನ್ನೊಂದು ಇಟ್ಟಳು.

ಅವನು ತಟ್ಟೆಗಳನ್ನೇ ನೋಡುತ್ತ ಕೂತ, ಕೈ ಮೇಜಿನ ಕೆಳಗೆ.

ಅಮ್ಮ ಪಾತ್ರೆ ಹಿಡಿದು ಬಂದಳು. ತಂಗಿಯ ಮುಖ ನೋಡಿದಳು, ಎರಡು ತಟ್ಟೆ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಎರಡಕ್ಕೂ ಬಡಿಸಿದಳು. ಆಮೇಲೆ ಸೆರಗಿನ ತುದಿಯಿಂದ, ಯಾರೂ ಇಲ್ಲದ ತಟ್ಟೆಗೆ ಮಾತ್ರ ಮೆಲ್ಲಗೆ ಗಾಳಿ ಹಾಕತೊಡಗಿದಳು.

"ಬಿಸಿ ಆಗಲ್ಲ ಅವನಿಗೆ" ಎಂದಳು.

ಅವನು ಎದ್ದ. ಓಡುತ್ತಾನೆ ಎಂದುಕೊಂಡೆ. ಓಡಲಿಲ್ಲ. ಅಮ್ಮ ಗಾಳಿ ಹಾಕುತ್ತಿದ್ದ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ಗೋಡೆಯ ಕಡೆಗೆ ಸರಿಸಿದ. ತನ್ನದನ್ನು ಎಳೆದುಕೊಂಡು ಈಚೆ ತುದಿಗೆ ಬಂದು, ಗೋಡೆಯ ಪಕ್ಕ ಒಬ್ಬರಿಗೆ ಜಾಗ ಬಿಟ್ಟು ಕೂತ.

"ರೂಮಲ್ಲೂ ಗೋಡೆ ಕಡೆ ಅವನೇ ಕೂರ್ತಿದ್ದ, ಅಮ್ಮ" ಎಂದ.

ನಾನು ನೀರಿನ ಲೋಟವೊಂದನ್ನು ಗೋಡೆಯ ಕಡೆಗೆ ತಳ್ಳಿದೆ. ಅವನು ತಲೆ ತಗ್ಗಿಸಿ ಊಟಕ್ಕೆ ಕೈಯಿಟ್ಟ.

ತಂಗಿ ಆವತ್ತು ಪಕ್ಕದ ಖಾಲಿ ಜಾಗ ನೋಡಲಿಲ್ಲ, ಅವನೊಬ್ಬನ ಮುಖವನ್ನೇ ನೋಡುತ್ತಿದ್ದಳು. ಖಾಲಿ ಜಾಗ ನೋಡುತ್ತಿದ್ದವರು ಉಳಿದ ನಾವು.