ಹದಿನೇಳನೆಯ ಪಂಜರಕ್ಕೆ ಒಂದು ಚಮಚ

ಬಾಲದಕ್ಕ ಎಂದರೆ ನಮ್ಮ ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತು. ಇಲಿಯ ಬಿಪಿಯನ್ನು ಅದರ ಬಾಲಕ್ಕೆ ಪಟ್ಟಿ ಸುತ್ತಿ ಅಳೆಯಬೇಕು. ಇಲಿ ಹೆದರಿದರೆ ಬಿಪಿ ಏರಿ ಎಲ್ಲ ಕೆಡುತ್ತದೆ. ಇಪ್ಪತ್ತೆರಡು ವರ್ಷದಿಂದ ಆ ಕೆಲಸ ಅವಳದು. ದೊಡ್ಡ ದೊಡ್ಡ ಡಿಗ್ರಿಯವರ ಬೆರಳು ಕಚ್ಚಿದ ಇಲಿಗಳು ಅವಳ ಕೈಯಲ್ಲಿ ತೂಕಡಿಸುತ್ತಿದ್ದವು. ಅವಳ ಬಾಯಿಗೆ ಹೆದರುತ್ತಿದ್ದವನು ನಾನು, ಪಂಜರ ತೊಳೆಯುವವನು. ಮೂಲೆಯಲ್ಲಿ ಚೂರು ಮರದ ಹೊಟ್ಟು ಉಳಿದರೂ ನನ್ನ ಜನ್ಮ ಜಾಲಾಡಿಬಿಡುತ್ತಿದ್ದಳು.

ಆ ವರ್ಷ ಬಂದವು ಹುಟ್ಟಿನಿಂದಲೇ ಬಿಪಿ ಹೆಚ್ಚಿರುವ ತಳಿಯ ಇಲಿಗಳು. ಸುಮ್ಮನೆ ಬಿಟ್ಟರೆ ಲಕ್ವ ಹೊಡೆಯುವುದು ಖಂಡಿತ. ಮೇಲಿನ ಸಾಲಿನ ಹನ್ನೆರಡಕ್ಕೆ ನೀರಿನಲ್ಲಿ ಬಿಪಿ ಔಷಧಿ, ಕೆಳಗಿನ ಹನ್ನೆರಡಕ್ಕೆ ಬರೀ ನೀರು. ಕೆಳಗಿನವು ಒಂದೊಂದಾಗಿ ಮುಂಗಾಲು ಮಡಚಿ, ಒಂದೇ ಕಡೆಗೆ ಸುತ್ತಿ ಸುತ್ತಿ ಬಿದ್ದವು. ಉಳಿದದ್ದು ಹದಿನೇಳನೆಯ ಪಂಜರದ್ದು ಒಂದೇ.

ಪ್ರಯೋಗ ನಡೆಸುತ್ತಿದ್ದ ಡಾಕ್ಟರಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಔಷಧಿ ಇಲ್ಲದೆ ಇದು ಹೇಗೆ ಉಳೀತು? ಸೋಮವಾರ ಇದರ ಮಿದುಳು ತೆಗೆದು ನೋಡೋಣ," ಎಂದರು.

ಬಾಲದಕ್ಕ ತೊಳೆಯುವ ಕೋಣೆಗೆ ಬಂದು ಬಾಗಿಲು ಹಾಕಿದಳು. ಏಪ್ರನ್ ಜೇಬಿನಿಂದ ಸ್ಟೀಲ್ ಚಮಚವೊಂದನ್ನು ತೆಗೆದು ತೋರಿಸಿದಳು. ಲಕ್ವ ಹೊಡೆದು ನಾಲ್ಕು ವರ್ಷ ಮಲಗಿದ್ದ ತಾಯಿಗೆ ಅವಳು ನೀರು ಕುಡಿಸುತ್ತಿದ್ದ ಚಮಚ ಅದು.

"ಹದಿನೇಳಕ್ಕೆ ದಿನಾ ಮೇಲಿನ ಸಾಲಿನ ಔಷಧಿ ನೀರು ಒಂದು ಚಮಚ ಕೊಡ್ತಿದ್ದೆ. ನನ್ನ ನೋಡಿದ ಕೂಡಲೇ ತಾನೇ ಬಾಲ ಚಾಚುತ್ತೆ ಕಣೋ ಅದು. ಹೇಗೆ ಸುಮ್ಮನಿರಲಿ?"

"ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ. ರಿಟೈರ್ ಆಗೋಕೆ ನಾಲ್ಕೇ ತಿಂಗಳು. ಬಾಯಿ ಮುಚ್ಚಿಕೊಂಡಿರು," ಎಂದೆ. ನನಗೆ ಸಿಟ್ಟು ಬಂದಿತ್ತು. ಒಂದು ಇಲಿಗಾಗಿ ಯಾರಾದರೂ ತಮ್ಮ ಅನ್ನಕ್ಕೆ ಕಲ್ಲು ಹಾಕಿಕೊಳ್ಳುತ್ತಾರೆಯೇ?

"ಹೇಳದಿದ್ರೆ ಅದರ ಜೀವ ಹೋಗುತ್ತೆ. ಅದರಲ್ಲಿ ವಿಶೇಷ ಏನೂ ಇಲ್ಲ ಅಂತ ಗೊತ್ತಾದ್ರೆ ಬಿಟ್ಟುಬಿಡ್ತಾರೆ."

ಸೋಮವಾರ ಬೆಳಿಗ್ಗೆ ಅವಳು ಡಾಕ್ಟರಮ್ಮನ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಪಂಜರದ ಗಾಡಿ ಹಿಡಿದು ನಾನು ಬಾಗಿಲಲ್ಲೇ ನಿಂತಿದ್ದೆ. ಬೈಗುಳ ಬರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ದಿನಾ ಒಂದೇ ಚಮಚವಾ?"

"ಒಂದೇ."

"ಯಾವಾಗಿಂದ?"

"ಮೂರನೇ ವಾರದಿಂದ."

ಡಾಕ್ಟರಮ್ಮ ರಿಜಿಸ್ಟರ್ ಎಳೆದುಕೊಂಡು ಬೆರಳಿಟ್ಟು ಓದಿದರು. ಬಾಲದಕ್ಕನೇ ಬರೆದ ಅಂಕಿಗಳು: ಇನ್ನೂರ ಮೂವತ್ತು, ಇನ್ನೂರ ಮೂವತ್ತೈದು, ಮತ್ತೆ ಇನ್ನೂರ ಮೂವತ್ತು. ಒಂದು ವಾರವೂ ಇನ್ನೂರ ಮೂವತ್ತರ ಕೆಳಗೆ ಇಳಿದಿರಲಿಲ್ಲ.

"ಬಿಪಿ ಇಳಿದೇ ಇಲ್ಲ," ಎಂದರು ಮೆಲ್ಲಗೆ. "ಇಷ್ಟು ಕಡಿಮೆ ಔಷಧಿ, ಬಿಪಿ ಇದ್ದ ಹಾಗೇ ಇದೆ, ಆದ್ರೂ ಲಕ್ವ ಹೊಡೀಲಿಲ್ಲ." ಪುಸ್ತಕ ಮುಚ್ಚಿದರು. "ನಿನ್ನ ವಿಚಾರ ಆಮೇಲೆ ಮಾತಾಡೋಣ. ಈಗಂತೂ ಇದರ ಮಿದುಳು ನೋಡಲೇಬೇಕು. ನೀನೇ ಹಿಡ್ಕೊಂಡು ಬಾ. ಬೇರೆಯವರ ಕೈಲಿ ಅದು ಹೆದರುತ್ತೆ."

ಬಾಲದಕ್ಕ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ.

ಅವಳು ಹೋಗಿ ಪಂಜರದ ಬಾಗಿಲು ತೆರೆದಳು. ಹದಿನೇಳನೆಯದು ಎಂದಿನಂತೆ ತಿರುಗಿ ಕುಳಿತು ಅವಳತ್ತ ಬಾಲ ಚಾಚಿತು.